ಕೊಲೆಸ್ಟ್ರಾಲ್ ಗುಟ್ಟು ಹಿಡಿದ ರಷ್ಯಾದ ವೈದ್ಯ ಅನಿಚ್ಕೊವ್: ಮೊಲಗಳು ತೋರಿಸಿದ್ದನ್ನು ಜಗತ್ತು ಏಕೆ ನಂಬಲಿಲ್ಲ?

ಮುಂಬೈ ಇರಲಿ, ಪುಣೆ ಇರಲಿ, ನಲವತ್ತು ದಾಟಿದವರಿರುವ ಮನೆಯ ಕಪಾಟಿನಲ್ಲಿ ಒಂದಾದರೂ ಲಿಪಿಡ್ ಪ್ರೊಫೈಲ್ ರಿಪೋರ್ಟ್ ಸಿಕ್ಕೇ ಸಿಗುತ್ತದೆ. ಟೋಟಲ್ ಕೊಲೆಸ್ಟ್ರಾಲ್ ಎಷ್ಟು, ಎಲ್‌ಡಿಎಲ್ ಎಷ್ಟು ಎಂದು ನೋಡಿ, ಅಂಕಿ ಸ್ವಲ್ಪ ಮೇಲಿದ್ದರೆ ಮರುದಿನದಿಂದ ತುಪ್ಪ ಬಂದ್, ಮೊಟ್ಟೆಯ ಹಳದಿ ಬಂದ್. ಈ ಅಂಕಿಗೂ ಹೃದಯಕ್ಕೂ ಸಂಬಂಧವಿದೆ ಎಂಬುದು ಇಂದು ಎಲ್ಲರಿಗೂ ಗೊತ್ತು. ಆದರೆ ಅದನ್ನು ಮೊದಲು ಪ್ರಯೋಗ ಮಾಡಿ ತೋರಿಸಿದ ವ್ಯಕ್ತಿಯ ಹೆಸರು ವೈದ್ಯಕೀಯ ಓದಿದವರಲ್ಲೂ ಅನೇಕರಿಗೆ ನೆನಪಿರುವುದಿಲ್ಲ.

ಅವರೇ ರಷ್ಯಾದ ರೋಗಶಾಸ್ತ್ರಜ್ಞ ನಿಕೊಲಾಯ್ ನಿಕೊಲಾಯೆವಿಚ್ ಅನಿಚ್ಕೊವ್. 1913ರಲ್ಲಿ, ಇನ್ನೂ ಮೂವತ್ತು ತುಂಬದ ವಯಸ್ಸಿನಲ್ಲಿ, ಕೊಲೆಸ್ಟ್ರಾಲ್ ತಿನ್ನಿಸಿದರೆ ಮೊಲದ ರಕ್ತನಾಳ ಮನುಷ್ಯನ ರಕ್ತನಾಳದಂತೆಯೇ ಕೆಡುತ್ತದೆ ಎಂದು ಅವರು ತೋರಿಸಿದರು. ಜಗತ್ತು ಅದನ್ನು ಗಂಭೀರವಾಗಿ ತೆಗೆದುಕೊಳ್ಳಲು ಸುಮಾರು ನಾಲ್ಕು ದಶಕ ಬೇಕಾಯಿತು. ಮೈಕ್ರೋಸ್ಕೋಪಿನಲ್ಲಿ ಅವರು ಕಂಡ ಒಂದು ವಿಚಿತ್ರ ಕೋಶ ಹಾಗೆ ಏಕಾಗುತ್ತದೆ ಎಂಬ ಪ್ರಶ್ನೆಗೆ ಉತ್ತರ ಸಿಗತೊಡಗಿದ್ದು ಅವರು ತೀರಿಕೊಂಡ ಮೇಲೆ. ಆ ಉತ್ತರದಲ್ಲಿ ಬರುವ ಮುಖ್ಯ ಪಾತ್ರವೇ ಆಕ್ಸಿಡೀಕರಣಗೊಂಡ, ಅಂದರೆ ಆಮ್ಲಜನಕದ ಜೊತೆ ಸೇರಿ ಕೆಟ್ಟುಹೋದ ಕೊಲೆಸ್ಟ್ರಾಲ್.

ಅಧಿಕಾರಿಯ ಮಗ, ಮಿಲಿಟರಿ ವಿದ್ಯಾರ್ಥಿ

ಅನಿಚ್ಕೊವ್ ಹುಟ್ಟಿದ್ದು 1885ರಲ್ಲಿ, ಆಗಿನ ರಷ್ಯನ್ ಸಾಮ್ರಾಜ್ಯದ ರಾಜಧಾನಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ. ತಂದೆ ಶಿಕ್ಷಣ ಇಲಾಖೆಯಲ್ಲಿ ದೊಡ್ಡ ಹುದ್ದೆಯಲ್ಲಿದ್ದವರು. ಓದುಬರಹಕ್ಕೆ ಕೊರತೆಯಿಲ್ಲದ, ಅನುಕೂಲಸ್ಥ ಮನೆ. ಅದೇ ಊರಿನ ಇಂಪೀರಿಯಲ್ ಮಿಲಿಟರಿ ಮೆಡಿಕಲ್ ಅಕಾಡೆಮಿ ಸೇರಿ 1909ರಲ್ಲಿ ವೈದ್ಯರಾಗಿ ಹೊರಬಂದರು. ಹೆಸರಿನಲ್ಲಿ ಮಿಲಿಟರಿ ಇದ್ದರೂ ಅದು ಬರೀ ಸೈನ್ಯಕ್ಕೆ ಡಾಕ್ಟರುಗಳನ್ನು ತಯಾರಿಸುವ ಕಾಲೇಜಾಗಿರಲಿಲ್ಲ. ನಾಯಿಯ ಜೊಲ್ಲಿನ ಪ್ರಯೋಗದಿಂದ ಪ್ರಸಿದ್ಧರಾದ ಇವಾನ್ ಪಾವ್ಲೊವ್ ಪಾಠ ಮಾಡುತ್ತಿದ್ದದ್ದು ಅಲ್ಲೇ. ಅಂಗಾಂಶ ವಿಜ್ಞಾನದ ಘಟಾನುಘಟಿ ಅಲೆಕ್ಸಾಂಡರ್ ಮ್ಯಾಕ್ಸಿಮೊವ್ ಕೂಡ ಅಲ್ಲೇ ಇದ್ದರು. ಮೈಕ್ರೋಸ್ಕೋಪಿನ ಮುಂದೆ ಗಂಟೆಗಟ್ಟಲೆ ಕೂರುವ ಅಭ್ಯಾಸ ಅನಿಚ್ಕೊವ್ ಅವರಿಗೆ ಹತ್ತಿದ್ದು ಈ ವಾತಾವರಣದಲ್ಲಿ.

ಡಾಕ್ಟರೇಟಿಗೆ ಅವರು ಆರಿಸಿಕೊಂಡ ವಿಷಯ ರಕ್ತನಾಳವಲ್ಲ, ಹೃದಯದ ಸ್ನಾಯುವಿನ ಉರಿಯೂತ. 1912ರಲ್ಲಿ ಸಲ್ಲಿಸಿದ ಆ ಪ್ರಬಂಧದ ಕೆಲಸದಲ್ಲಿ ಅವರಿಗೆ ಒಂದು ಬಗೆಯ ಕೋಶ ಕಣ್ಣಿಗೆ ಬಿತ್ತು. ಅದರ ನ್ಯೂಕ್ಲಿಯಸ್ಸಿನೊಳಗಿನ ವಸ್ತು ಉದ್ದಕ್ಕೆ ಹರಡಿ, ಅಂಚಿನಲ್ಲಿ ಸಣ್ಣ ಕಾಲುಗಳಿದ್ದಂತೆ, ಥೇಟ್ ಕಂಬಳಿಹುಳುವಿನ ಹಾಗೆ ಕಾಣುತ್ತಿತ್ತು. ಅದಕ್ಕೆ ಇಂದಿಗೂ ಅವರದೇ ಹೆಸರಿದೆ.

ಮಾಂಸ ತಿಂದ ಮೊಲಗಳು

ಕೊಲೆಸ್ಟ್ರಾಲ್ ಕಥೆ ಶುರುವಾಗುವುದು ಬೇರೊಬ್ಬರ ತಪ್ಪು ಊಹೆಯಿಂದ. ಆ ಕಾಲದಲ್ಲಿ ಇಲ್ಯಾ ಮೆಚ್ನಿಕೊವ್ ಎಂಬ ವಿಜ್ಞಾನಿಯ ಹೆಸರು ಯುರೋಪಿನಲ್ಲಿ ಮನೆಮಾತಾಗಿತ್ತು. ಹೊರಗಿನಿಂದ ಬಂದದ್ದನ್ನು ನುಂಗಿಹಾಕುವ ಮ್ಯಾಕ್ರೋಫೇಜ್ ಕೋಶಗಳನ್ನು ಗುರುತಿಸಿ, 1908ರಲ್ಲಿ ನೊಬೆಲ್ ಪಡೆದವರು ಅವರು. ಮುಪ್ಪು ಬೇಗ ಬರಲು ಆಹಾರದಲ್ಲಿನ ಅತಿಯಾದ ಪ್ರೋಟೀನ್ ಕಾರಣ ಎಂಬ ಮಾತು ಅವರ ವಿಚಾರಗಳಿಂದ ಹಬ್ಬಿತ್ತು.

ಇದನ್ನು ಪರೀಕ್ಷೆ ಮಾಡಿಯೇ ನೋಡೋಣ ಎಂದು ಅದೇ ಮಿಲಿಟರಿ ಅಕಾಡೆಮಿಯ ಅಲೆಕ್ಸಾಂಡರ್ ಇಗ್ನಾಟೊವ್ಸ್ಕಿ 1908ರ ಹೊತ್ತಿಗೆ ಮೊಲಗಳಿಗೆ ಮಾಂಸ, ಹಾಲು, ಮೊಟ್ಟೆ ತಿನ್ನಿಸಿದರು. ಸೊಪ್ಪು, ಹುಲ್ಲು ತಿಂದು ಬದುಕುವ ಪ್ರಾಣಿಗೆ ಇದೆಂಥ ಊಟ ಅನ್ನಿಸಬಹುದು. ಫಲಿತಾಂಶವಂತೂ ಬಂತು. ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ, ಅಂದರೆ ಮಹಾಪಧಮನಿಯ ಒಳಗೋಡೆಯಲ್ಲಿ ಕೊಬ್ಬಿನ ದಡ್ಡುಗಳು ಎದ್ದಿದ್ದವು. ಪ್ರೋಟೀನೇ ಕಾರಣ ಎಂಬ ತೀರ್ಮಾನಕ್ಕೆ ಇಗ್ನಾಟೊವ್ಸ್ಕಿ ಬಂದರು.

ಆಮೇಲೆ ಅದೇ ಊರಿನ ಸ್ಟಕಿ ಎಂಬ ಸಂಶೋಧಕರು ಒಂದೊಂದೇ ಆಹಾರವನ್ನು ಬೇರೆ ಮಾಡಿ ಕೊಟ್ಟು ನೋಡಿದರು. ರಕ್ತನಾಳ ಕೆಟ್ಟದ್ದು ಮೊಟ್ಟೆಯ ಹಳದಿ ಮತ್ತು ಪ್ರಾಣಿಯ ಮೆದುಳು ತಿಂದ ಮೊಲಗಳಲ್ಲಿ. ಹಾಗಾದರೆ ದೋಷ ಪ್ರೋಟೀನಿನದಲ್ಲ, ಹಳದಿಯಲ್ಲೂ ಮೆದುಳಿನಲ್ಲೂ ಹೇರಳವಾಗಿರುವ ಬೇರೇನೋ ಒಂದರದು. ಇತ್ತ ಜರ್ಮನಿಯಲ್ಲಿ ರಸಾಯನಶಾಸ್ತ್ರಜ್ಞ ಅಡಾಲ್ಫ್ ವಿಂಡಾಸ್ 1910ರಲ್ಲಿ ಸತ್ತ ಮನುಷ್ಯರ ಮಹಾಪಧಮನಿಗಳನ್ನು ಅರೆದು ಅಳತೆ ಮಾಡಿದ್ದರು. ರೋಗ ಹಿಡಿದ ನಾಳದಲ್ಲಿ ಕೊಲೆಸ್ಟ್ರಾಲ್ ಆರೋಗ್ಯವಂತ ನಾಳಕ್ಕಿಂತ ಹಲವು ಪಟ್ಟು ಹೆಚ್ಚಿತ್ತು. ಕೊಬ್ಬಿನಾಮ್ಲದ ಜೊತೆ ಸೇರಿಕೊಂಡ ಕೊಲೆಸ್ಟ್ರಾಲ್ ಅಂತೂ ಸುಮಾರು ಇಪ್ಪತ್ತು ಪಟ್ಟು.

ಸುಳಿವುಗಳು ಹೀಗೆ ಬೇರೆ ಬೇರೆ ಕಡೆ ಬಿದ್ದಿದ್ದವು. ಅವನ್ನು ಒಂದೆಡೆ ತಂದವರು ಅನಿಚ್ಕೊವ್ ಮತ್ತು ಅವರ ಜೊತೆ ಕೆಲಸ ಮಾಡುತ್ತಿದ್ದ ವಿದ್ಯಾರ್ಥಿ ಸೆಮ್ಯಾನ್ ಹಲಾಟೊವ್. ಅವರ ಯೋಚನೆ ಸರಳವಾಗಿತ್ತು: ಮೊಟ್ಟೆಯನ್ನೇ ಕೊಡುವ ಬದಲು ಅದರ ಹಳದಿಯಿಂದ ಕೊಲೆಸ್ಟ್ರಾಲನ್ನು ಮಾತ್ರ ಬೇರ್ಪಡಿಸಿ, ಸೂರ್ಯಕಾಂತಿ ಎಣ್ಣೆಯಲ್ಲಿ ಕರಗಿಸಿ ಮೊಲಗಳಿಗೆ ಕೊಡುವುದು. ಇನ್ನೊಂದಿಷ್ಟು ಮೊಲಗಳಿಗೆ ಬರೀ ಎಣ್ಣೆ. ಎಣ್ಣೆ ಮಾತ್ರ ತಿಂದ ಮೊಲಗಳಿಗೆ ಏನೂ ಆಗಲಿಲ್ಲ. ಕೊಲೆಸ್ಟ್ರಾಲ್ ಸೇರಿದ್ದ ಎಣ್ಣೆ ತಿಂದವುಗಳ ಮಹಾಪಧಮನಿಯಲ್ಲಿ ಕೊಬ್ಬು ಕಟ್ಟಿತ್ತು.

ನೊರೆ ತುಂಬಿದ ಕೋಶ

ಇಷ್ಟಕ್ಕೇ ನಿಲ್ಲಿಸಿದ್ದರೂ ಅದು ಒಳ್ಳೆಯ ಪ್ರಬಂಧವೇ ಆಗುತ್ತಿತ್ತು. ಅನಿಚ್ಕೊವ್ ನಾಳದ ತೆಳು ಸೀಳುಗಳನ್ನು ಮೈಕ್ರೋಸ್ಕೋಪಿನಡಿ ಇಟ್ಟು, ಕೊಬ್ಬು ಎಲ್ಲಿ ಕೂತಿದೆ, ಹೇಗೆ ಬಂದಿದೆ, ಯಾರ ಹೊಟ್ಟೆಯಲ್ಲಿದೆ ಎಂದು ನೋಡುತ್ತ ಹೋದರು. ಧ್ರುವೀಕರಿಸಿದ ಬೆಳಕಿನಲ್ಲಿ ಆ ಕೊಬ್ಬಿನ ಹನಿಗಳು ಹೊಳೆಯುತ್ತಿದ್ದವು. ಕೊಲೆಸ್ಟ್ರಾಲ್ ಸಂಯುಕ್ತಗಳಿಗೆ ಇರುವ ಗುಣ ಇದು. ಹನಿಗಳು ನಾಳದ ಗೋಡೆಯಲ್ಲಿ ಚೆಲ್ಲಾಪಿಲ್ಲಿಯಾಗಿ ಬಿದ್ದದ್ದಷ್ಟೇ ಅಲ್ಲ, ಉಬ್ಬಿಕೊಂಡ ಕೋಶಗಳ ಒಳಗೂ ತುಂಬಿಕೊಂಡಿದ್ದವು. ಕೋಶದ ಒಳಭಾಗ ಸೋಪಿನ ನೊರೆಯಂತೆ ಕಾಣುವಷ್ಟು. ಇಂದು ಇವನ್ನು ಫೋಮ್ ಸೆಲ್, ಅಂದರೆ ನೊರೆಕೋಶ ಎನ್ನುತ್ತಾರೆ. ಅಪಧಮನಿ ಕಾಠಿಣ್ಯದ ಮೊದಲ ಗುರುತೇ ಇವು.

ಹೊರಗಿನ ಕಣಗಳನ್ನು ನುಂಗುವ ಕೋಶಗಳಿಗೆ ಬಣ್ಣ ಹಿಡಿಯುವಂತೆ ಮಾಡುವ ವಿಧಾನ ಬಳಸಿ, ಈ ನೊರೆಕೋಶಗಳು ಮೂಲದಲ್ಲಿ ಮೆಚ್ನಿಕೊವ್ ಹೇಳಿದ್ದ ಅದೇ ಭಕ್ಷಕ ಕೋಶಗಳ ಜಾತಿಯವು ಎಂದು ಅನಿಚ್ಕೊವ್ ಗುರುತಿಸಿದರು. ಅವರ ದೊಡ್ಡ ಕೊಡುಗೆ ಯಾವುದು ಎಂದರೆ ಅನೇಕರು ಮೊಲದ ಪ್ರಯೋಗವನ್ನು ಹೆಸರಿಸುತ್ತಾರೆ. ಈ ಬರಹಗಾರನ ಲೆಕ್ಕದಲ್ಲಿ ನೊರೆಕೋಶದ ಗುರುತೇ ಅದಕ್ಕಿಂತ ಒಂದು ತೂಕ ಹೆಚ್ಚು. ಆಹಾರದ ಕೊಲೆಸ್ಟ್ರಾಲ್ ಎಷ್ಟು ಕೆಟ್ಟದ್ದು ಎಂಬ ಜಗಳ ಇನ್ನೂ ಮುಗಿದಿಲ್ಲ. ನೊರೆಕೋಶದ ಬಗ್ಗೆ ತಕರಾರೇ ಇಲ್ಲ.

1913ರಲ್ಲಿ ಇಬ್ಬರ ಹೆಸರಿನಲ್ಲೂ ಈ ಕೆಲಸ ಜರ್ಮನ್ ಭಾಷೆಯ ರೋಗಶಾಸ್ತ್ರ ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು. ಆಗ ವಿಜ್ಞಾನದ ಭಾಷೆ ಜರ್ಮನ್. ಇಂಗ್ಲಿಷ್ ಬಲ್ಲವರು ಮಾತ್ರ ಅದನ್ನು ಗಮನಿಸಲಿಲ್ಲ ಎಂಬ ಸಮಾಧಾನಕ್ಕೂ ಇಲ್ಲಿ ಜಾಗವಿಲ್ಲ, ಯಾಕೆಂದರೆ ಅಂದಿನ ದೊಡ್ಡ ವೈದ್ಯರೆಲ್ಲ ಜರ್ಮನ್ ಓದುತ್ತಿದ್ದರು.

ಯುದ್ಧ, ಕ್ರಾಂತಿ, ಮೂರು ಹೆಸರಿನ ಊರು

ಡಾಕ್ಟರೇಟ್ ಮುಗಿಸಿದ ಅನಿಚ್ಕೊವ್ ಜರ್ಮನಿಯ ಫ್ರೈಬುರ್ಗ್‌ಗೆ ಹೋಗಿ ಲುಡ್ವಿಗ್ ಆಶಾಫ್ ಅವರ ಪ್ರಯೋಗಾಲಯದಲ್ಲಿ ಕೆಲಸ ಮಾಡಿದರು. ರೋಗಶಾಸ್ತ್ರ ಕಲಿಯಲು ಆಗ ಅದಕ್ಕಿಂತ ಒಳ್ಳೆಯ ಜಾಗ ಇರಲಿಲ್ಲ. ಆದರೆ 1914ರಲ್ಲಿ ಮಹಾಯುದ್ಧ ಶುರುವಾಗಿ ರಷ್ಯಾ ಮತ್ತು ಜರ್ಮನಿ ಶತ್ರುಗಳಾದವು. ಊರಿನ ಹೆಸರು ಜರ್ಮನ್ ಧ್ವನಿಯದಾಗಿದೆ ಎಂದು ಸೇಂಟ್ ಪೀಟರ್ಸ್‌ಬರ್ಗ್ ಪೆಟ್ರೊಗ್ರಾಡ್ ಆಯಿತು. 1917ರಲ್ಲಿ ಕ್ರಾಂತಿ ಬಂತು. ಹತ್ತು ವರ್ಷದ ಹೆಸರಿಗೇ ತೃಪ್ತಿಪಡದೆ ಊರು 1924ರಲ್ಲಿ ಲೆನಿನ್‌ಗ್ರಾಡ್ ಎಂದಾಯಿತು. ಝಾರ್ ಕಾಲದ ಉನ್ನತ ಅಧಿಕಾರಿಗಳ ಮಕ್ಕಳಿಗೆ ಹೊಸ ವ್ಯವಸ್ಥೆಯಲ್ಲಿ ಬದುಕು ಸುಲಭವಿರಲಿಲ್ಲ. ಅನೇಕರು ದೇಶ ಬಿಟ್ಟರು. ಗುರು ಮ್ಯಾಕ್ಸಿಮೊವ್ ಕೂಡ ಅಮೆರಿಕದ ಷಿಕಾಗೊ ಸೇರಿದರು. ಅನಿಚ್ಕೊವ್ ಉಳಿದರು.

1920ರಲ್ಲಿ ಅವರು ಮಿಲಿಟರಿ ಮೆಡಿಕಲ್ ಅಕಾಡೆಮಿಯಲ್ಲಿ ಪ್ರಾಧ್ಯಾಪಕರಾದರು. ಜೊತೆಗೆ ಅದೇ ಊರಿನ ಪ್ರಾಯೋಗಿಕ ವೈದ್ಯಕೀಯ ಸಂಸ್ಥೆಯಲ್ಲಿ ರೋಗಶಾಸ್ತ್ರ ವಿಭಾಗದ ಹೊಣೆಯೂ ಬಂತು. ಆ ಹೊಣೆಯನ್ನು ಅವರು ಕೊನೆಯವರೆಗೂ ಬಿಡಲಿಲ್ಲ.

ಮುಂದಿನ ಇಪ್ಪತ್ತು ವರ್ಷ ಅವರ ಪ್ರಯೋಗಾಲಯ ಮಾಡಿದ ಕೆಲಸ ನೋಡಿದರೆ, ಕೊಲೆಸ್ಟ್ರಾಲ್ ಒಂದೇ ಕಾರಣ ಎಂದು ಅವರು ಹಟ ಹಿಡಿದು ಕೂತವರಲ್ಲ ಎಂದು ಗೊತ್ತಾಗುತ್ತದೆ. ಕೊಬ್ಬು ನಾಳದ ತುಂಬ ಸಮವಾಗಿ ಕೂರುವುದಿಲ್ಲ. ಮಹಾಪಧಮನಿ ಬಾಗುವ ಕಡೆ, ಕವಲೊಡೆಯುವ ಕಡೆ, ಅಂದರೆ ರಕ್ತದ ಹೊಡೆತ ಜಾಸ್ತಿ ಬೀಳುವ ಜಾಗಗಳಲ್ಲಿ ಹೆಚ್ಚು ಕಟ್ಟುತ್ತದೆ. ರಕ್ತದೊತ್ತಡ ಏರಿದರೆ ಹಾನಿ ಬೇಗ ಬೆಳೆಯುತ್ತದೆ. ನಾಳಕ್ಕೆ ಮೊದಲೇ ಗಾಯವಾಗಿದ್ದರೂ ಹಾಗೆಯೇ. ಹಲವು ಕಾರಣ ಸೇರಿಯೇ ರೋಗ ಬರುತ್ತದೆ, ಆದರೆ ರಕ್ತದಿಂದ ಗೋಡೆಯೊಳಗೆ ಕೊಲೆಸ್ಟ್ರಾಲ್ ಇಳಿಯದೆ ರೋಗ ಬರುವುದಿಲ್ಲ ಎಂಬುದು ಅವರ ನಿಲುವು.

ಇನ್ನೊಂದು ಫಲಿತಾಂಶವನ್ನು ಓದುಗರು ಗಮನಿಸಬೇಕು. ಕೊಲೆಸ್ಟ್ರಾಲ್ ತಿಂದು ನಾಳ ಕೆಟ್ಟ ಮೊಲಗಳಿಗೆ ಮತ್ತೆ ಮಾಮೂಲಿ ಮೇವು ಕೊಟ್ಟು ದೀರ್ಘಕಾಲ ಸಾಕಿದಾಗ ಗೋಡೆಯ ಕೊಬ್ಬು ಮೆಲ್ಲಗೆ ಕರಗಿತು, ನಾರಿನಂಥ ಗಾಯದ ಗುರುತು ಉಳಿಯಿತು. 1920ರ ದಶಕದಲ್ಲೇ ಅವರು ಇದನ್ನು ಬರೆದಿಟ್ಟರು. ಅಪಧಮನಿಯ ರೋಗ ಹಿಮ್ಮೆಟ್ಟಬಹುದು ಎಂಬ ಮಾತನ್ನು ವೈದ್ಯಲೋಕ ಒಪ್ಪಿದ್ದು ಅದಾಗಿ ಅರ್ಧ ಶತಮಾನದ ನಂತರ.

ನಂಬದವರ ವಾದ

ಹಾಗಾದರೆ ಏಕೆ ನಂಬಲಿಲ್ಲ? ನಂಬದವರು ದಡ್ಡರಾಗಿರಲಿಲ್ಲ. ಬೇರೆ ಪ್ರಯೋಗಾಲಯಗಳಲ್ಲಿ ಇಲಿಗಳಿಗೆ, ನಾಯಿಗಳಿಗೆ ಕೊಲೆಸ್ಟ್ರಾಲ್ ಕೊಟ್ಟು ನೋಡಿದರು. ಅವುಗಳ ರಕ್ತನಾಳಕ್ಕೆ ಏನೂ ಆಗಲಿಲ್ಲ. ಮೊಲ ಸಸ್ಯಾಹಾರಿ, ಅದರ ದೇಹಕ್ಕೆ ಕೊಲೆಸ್ಟ್ರಾಲ್ ಅಭ್ಯಾಸವಿಲ್ಲ, ಅದರಿಂದ ಮನುಷ್ಯನ ಬಗ್ಗೆ ಹೇಳಲಾಗದು ಎಂಬ ವಾದ ಹುಟ್ಟಿತು. ಕೇಳಲು ತರ್ಕಬದ್ಧವಾಗಿಯೇ ಇತ್ತು.

ವಿವರಣೆ ಆಮೇಲೆ ಸಿಕ್ಕಿತು. ಇಲಿ, ನಾಯಿಗಳ ಪಿತ್ತಜನಕಾಂಗ ಹೆಚ್ಚುವರಿ ಕೊಲೆಸ್ಟ್ರಾಲನ್ನು ಪಿತ್ತರಸದ ಆಮ್ಲಗಳಾಗಿ ಬದಲಿಸಿ ಹೊರಹಾಕುವುದರಲ್ಲಿ ನಿಪುಣ. ಎಷ್ಟು ತಿನ್ನಿಸಿದರೂ ರಕ್ತದಲ್ಲಿ ಕೊಲೆಸ್ಟ್ರಾಲ್ ಅಷ್ಟಾಗಿ ಏರುವುದಿಲ್ಲ. ಅಮೆರಿಕದಲ್ಲಿ 1946ರಲ್ಲಿ ನಾಯಿಗಳ ಥೈರಾಯ್ಡ್ ಕೆಲಸವನ್ನು ಔಷಧದಿಂದ ತಗ್ಗಿಸಿ ಕೊಲೆಸ್ಟ್ರಾಲ್ ತಿನ್ನಿಸಿದಾಗ ರಕ್ತದ ಮಟ್ಟ ಏರಿತು, ನಾಯಿಗಳ ರಕ್ತನಾಳವೂ ಕೆಟ್ಟಿತು. ಅಂದರೆ ಎಷ್ಟು ತಿಂದರು ಎನ್ನುವುದಕ್ಕಿಂತ ರಕ್ತದಲ್ಲಿ ಎಷ್ಟು ಉಳಿಯಿತು ಎನ್ನುವುದು ಮುಖ್ಯ.

ಇನ್ನೊಂದು ಕಾರಣ ಮನೋಭಾವದ್ದು. ರಕ್ತನಾಳ ಗಟ್ಟಿಯಾಗುವುದು ಕೂದಲು ನರೆತ ಹಾಗೆ, ವಯಸ್ಸಾದ ಮೇಲೆ ಬರುವುದೇ ಎಂದು ವೈದ್ಯರು ನಂಬಿದ್ದರು. ಮುಪ್ಪಿಗೆ ಔಷಧ ಹುಡುಕುವವರು ಯಾರು?

ಅಮೆರಿಕದ ಗ್ರಂಥವೊಂದಕ್ಕೆ 1933ರಲ್ಲಿ ಅನಿಚ್ಕೊವ್ ತಮ್ಮ ಇಪ್ಪತ್ತು ವರ್ಷದ ಪ್ರಯೋಗಗಳ ಸಾರವನ್ನು ಇಂಗ್ಲಿಷಿನಲ್ಲಿ ಬರೆದುಕೊಟ್ಟರು. ಅಲ್ಲಿಂದ ಅವರ ಹೆಸರು ಅಟ್ಲಾಂಟಿಕ್ ದಾಟಿತು. 1948ರಲ್ಲಿ ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಪಟ್ಟಣದ ಸಾವಿರಾರು ಜನರ ಆರೋಗ್ಯವನ್ನು ವರ್ಷಗಟ್ಟಲೆ ಹಿಂಬಾಲಿಸುವ ಅಧ್ಯಯನ ಶುರುವಾಯಿತು. ರಕ್ತದಲ್ಲಿ ಕೊಲೆಸ್ಟ್ರಾಲನ್ನು ಹೊತ್ತೊಯ್ಯುವ ಕಣಗಳನ್ನು ಬೇರ್ಪಡಿಸಿ ಅಳೆಯುವ ಕೆಲಸವನ್ನು ಕ್ಯಾಲಿಫೋರ್ನಿಯಾದ ಜಾನ್ ಗಾಫ್ಮನ್ 1950ರ ಹೊತ್ತಿಗೆ ಮಾಡಿ ತೋರಿಸಿದರು. 1958ರಲ್ಲಿ ಅಮೆರಿಕದ ವೈದ್ಯ ವಿಲಿಯಂ ಡಾಕ್, ಅನಿಚ್ಕೊವ್ ಅವರ ಕೆಲಸವನ್ನು ಕ್ಷಯದ ಬ್ಯಾಕ್ಟೀರಿಯಾ ಕಂಡುಹಿಡಿದ ರಾಬರ್ಟ್ ಕಾಖ್ ಕೆಲಸಕ್ಕೆ ಹೋಲಿಸಿ ಬರೆದರು. ಮೊಲಗಳ ಪ್ರಬಂಧ ಪ್ರಕಟವಾಗಿ ಅಷ್ಟರಲ್ಲಿ 45 ವರ್ಷ ಕಳೆದಿತ್ತು.

ಪದವಿಗಳು ಮತ್ತು ಆ ಕಾಲ

ತಾಯ್ನಾಡಿನಲ್ಲಿ ಮಾತ್ರ ಅನಿಚ್ಕೊವ್ ಅವರಿಗೆ ಮನ್ನಣೆಯ ಕೊರತೆಯಾಗಲಿಲ್ಲ. 1939ರಲ್ಲಿ ಸೋವಿಯತ್ ವಿಜ್ಞಾನ ಅಕಾಡೆಮಿಯ ಸದಸ್ಯತ್ವ, 1942ರಲ್ಲಿ ಸ್ಟಾಲಿನ್ ಪ್ರಶಸ್ತಿ, ಸೈನ್ಯದ ವೈದ್ಯಕೀಯ ಸೇವೆಯಲ್ಲಿ ಲೆಫ್ಟಿನೆಂಟ್ ಜನರಲ್ ದರ್ಜೆ ಬಂದವು. 1946ರಿಂದ 1953ರವರೆಗೆ ಅವರು ಸೋವಿಯತ್ ವೈದ್ಯವಿಜ್ಞಾನ ಅಕಾಡೆಮಿಯ ಅಧ್ಯಕ್ಷರಾಗಿದ್ದರು.

ಆ ಏಳು ವರ್ಷ ಸೋವಿಯತ್ ವಿಜ್ಞಾನದ ಪಾಲಿಗೆ ಒಳ್ಳೆಯ ಕಾಲವಲ್ಲ. 1950ರಲ್ಲಿ ಅವರ ಅಕಾಡೆಮಿಯೂ ವಿಜ್ಞಾನ ಅಕಾಡೆಮಿಯೂ ಸೇರಿ ನಡೆಸಿದ ಜಂಟಿ ಅಧಿವೇಶನದಲ್ಲಿ ಪಾವ್ಲೊವ್ ಹಾದಿ ಬಿಟ್ಟವರೆಂಬ ಆರೋಪ ಹೊರಿಸಿ ಲಿಯಾನ್ ಆರ್ಬೆಲಿಯಂಥ ಹಿರಿಯ ಶರೀರವಿಜ್ಞಾನಿಗಳನ್ನು ಮೂಲೆಗೆ ತಳ್ಳಲಾಯಿತು. 1953ರ ಜನವರಿಯಲ್ಲಿ ಹೆಸರಾಂತ ವೈದ್ಯರ ಮೇಲೆ, ಅವರಲ್ಲಿ ಬಹುಪಾಲು ಯಹೂದಿಗಳು, ನಾಯಕರನ್ನು ಕೊಲ್ಲಲು ಸಂಚು ಮಾಡಿದರೆಂಬ ಸುಳ್ಳು ಆರೋಪ ಬಂತು. ಸ್ಟಾಲಿನ್ ಸತ್ತ ಮೇಲೆ, ಏಪ್ರಿಲ್‌ನಲ್ಲಿ, ಅವರನ್ನು ಬಿಡಲಾಯಿತು. ಇಷ್ಟೆಲ್ಲ ನಡೆಯುವಾಗ ವೈದ್ಯವಿಜ್ಞಾನದ ಅತಿ ಎತ್ತರದ ಕುರ್ಚಿಯಲ್ಲಿ ಕೂತಿದ್ದವರು ಅನಿಚ್ಕೊವ್. ಪ್ರಯೋಗಾಲಯದ ಅನಿಚ್ಕೊವ್ ಅವರನ್ನು ಮೆಚ್ಚುವವರು ಅವರ ಬದುಕಿನ ಈ ಪುಟವನ್ನು ಹಾರಿಸಿ ಓದುವುದು ಸರಿಯಲ್ಲ.

ಅಧ್ಯಕ್ಷ ಪದವಿ ಮುಗಿದ ಮೇಲೆ ಅವರು ತಮ್ಮ ಹಳೆಯ ಪ್ರಯೋಗಾಲಯದ ಕೆಲಸದಲ್ಲೇ ಉಳಿದರು. 1964ರ ಡಿಸೆಂಬರ್ 7ರಂದು, 79ನೇ ವಯಸ್ಸಿನಲ್ಲಿ, ಲೆನಿನ್‌ಗ್ರಾಡ್‌ನಲ್ಲಿ ತೀರಿಕೊಂಡರು. ಕಾರಣ ಹೃದಯಾಘಾತ. ಮೂರು ದಿನ ಬಿಟ್ಟು, ಡಿಸೆಂಬರ್ 10ರಂದು, ಸ್ಟಾಕ್‌ಹೋಮ್‌ನಲ್ಲಿ ಆ ವರ್ಷದ ವೈದ್ಯಕೀಯ ನೊಬೆಲ್ ಪ್ರದಾನವಾಯಿತು. ದೇಹ ಕೊಲೆಸ್ಟ್ರಾಲನ್ನು ಹೇಗೆ ತಯಾರಿಸುತ್ತದೆ ಎಂದು ತೋರಿಸಿದ ಕೊನ್ರಾಡ್ ಬ್ಲಾಕ್ ಮತ್ತು ಫಿಯೊಡರ್ ಲೀನೆನ್ ಅದನ್ನು ಪಡೆದರು.

ಬಾಟಲಿಯಲ್ಲಿದ್ದ ಇನ್ನೊಂದು ವಸ್ತು

ಅನಿಚ್ಕೊವ್ ಬಿಟ್ಟುಹೋದ ಪ್ರಶ್ನೆ ಒಂದಿತ್ತು. ಭಕ್ಷಕ ಕೋಶ ಹೊಟ್ಟೆ ಬಿರಿಯುವಷ್ಟು ಕೊಲೆಸ್ಟ್ರಾಲ್ ನುಂಗುವುದೇಕೆ?

1970ರ ದಶಕದಲ್ಲಿ ಅಮೆರಿಕದ ಮೈಕೆಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೀನ್, ಕೋಶಗಳು ರಕ್ತದಿಂದ ಎಲ್‌ಡಿಎಲ್ ಕಣಗಳನ್ನು ಒಳಗೆಳೆದುಕೊಳ್ಳುವ ಬಾಗಿಲನ್ನು, ಅಂದರೆ ಗ್ರಾಹಕವನ್ನು ಕಂಡುಹಿಡಿದರು. ಇದಕ್ಕೆ 1985ರ ನೊಬೆಲ್ ಬಂತು. ಆ ಬಾಗಿಲಿಗೆ ಒಂದು ಶಿಸ್ತು ಇದೆ. ಕೋಶಕ್ಕೆ ಸಾಕಷ್ಟು ಕೊಲೆಸ್ಟ್ರಾಲ್ ಸಿಕ್ಕೊಡನೆ ಬಾಗಿಲುಗಳು ಕಡಿಮೆಯಾಗುತ್ತವೆ. ಹೀಗಿದ್ದರೆ ನೊರೆಕೋಶ ಆಗಲೇಬಾರದು! ಇನ್ನೂ ಸೋಜಿಗವೆಂದರೆ, ಹುಟ್ಟಿನಿಂದಲೇ ಈ ಬಾಗಿಲು ಇಲ್ಲದ ರೋಗಿಗಳ ನಾಳದಲ್ಲೂ ನೊರೆಕೋಶಗಳು ತುಂಬಿರುತ್ತವೆ. ಹಾಗಾದರೆ ಒಳಗೆ ಹೋಗಲು ಬೇರೆ ದಾರಿ ಇರಬೇಕು.

ಇದೇ ಹೊತ್ತಿಗೆ, 1976ರಲ್ಲಿ, ಅಮೆರಿಕದ ಒಂದು ತಂಡ ಬೇರೆ ಕಡೆಯಿಂದ ಸಮಸ್ಯೆಗೆ ಕೈ ಹಾಕಿತು. ಪ್ರಯೋಗಾಲಯಗಳಲ್ಲಿ ಬಳಸುತ್ತಿದ್ದ ಕೊಲೆಸ್ಟ್ರಾಲ್ ಪುಡಿ ಗಾಳಿಗೆ ತೆರೆದು ಇಟ್ಟಷ್ಟೂ ಕೆಡುತ್ತದೆ. ಹಳೆಯ ಪುಡಿಯಲ್ಲಿದ್ದ ಕಲ್ಮಶಗಳನ್ನು ಬೇರ್ಪಡಿಸಿ ಮೊಲಗಳಿಗೆ ಕೊಟ್ಟಾಗ ಒಂದು ದಿನದೊಳಗೆ ಮಹಾಪಧಮನಿಯ ಸ್ನಾಯುಕೋಶಗಳು ಸಾಯತೊಡಗಿದವು. ಶುದ್ಧ ಮಾಡಿದ ಕೊಲೆಸ್ಟ್ರಾಲ್ ಕೊಟ್ಟಾಗ ಆ ಬಗೆಯ ತಕ್ಷಣದ ಹಾನಿ ಕಾಣಲಿಲ್ಲ. ಕಲ್ಮಶ ಎಂದರೆ ಬೇರೇನಲ್ಲ, ಆಮ್ಲಜನಕ ಸೇರಿ ರೂಪ ಬದಲಿಸಿದ ಕೊಲೆಸ್ಟ್ರಾಲ್. ಇವುಗಳ ಬಳಗಕ್ಕೆ ಆಕ್ಸಿಸ್ಟೆರಾಲ್ ಎಂದು ಹೆಸರು.

ಕೆಡುವುದು ಹೇಗೆ? ಕೊಲೆಸ್ಟ್ರಾಲ್ ಅಣುವಿನಲ್ಲಿ 27 ಇಂಗಾಲಗಳಿವೆ. ಐದನೆಯ ಮತ್ತು ಆರನೆಯ ಇಂಗಾಲದ ನಡುವೆ ಒಂದು ಜೋಡಿ ಬಂಧವಿದೆ. ಅದರ ಪಕ್ಕದ ಏಳನೆಯ ಇಂಗಾಲದಿಂದ ಹೈಡ್ರೋಜನ್ ಸುಲಭವಾಗಿ ಕಳಚುತ್ತದೆ, ಆ ಜಾಗಕ್ಕೆ ಆಮ್ಲಜನಕ ಬಂದು ಕೂರುತ್ತದೆ. ಹೀಗೆ ಹುಟ್ಟುವ 7-ಕೀಟೊಕೊಲೆಸ್ಟ್ರಾಲ್ ಈ ಬಳಗದ ಕುಖ್ಯಾತ ಸದಸ್ಯ. ಹಳೆಯ ಎಣ್ಣೆ ಕಮಟು ಹಿಡಿಯುವುದೂ ಸ್ಥೂಲವಾಗಿ ಇದೇ ರೀತಿಯ ಕ್ರಿಯೆ.

ಮೂಲ ಕೊಲೆಸ್ಟ್ರಾಲ್ ಕೋಶದ ಹೊರಪೊರೆಯಲ್ಲಿ ಇಟ್ಟಿಗೆಯಂತೆ ಕೂತು ಪೊರೆಗೆ ಗಟ್ಟಿತನ ಕೊಡುತ್ತದೆ. ಆಮ್ಲಜನಕ ಸೇರಿದ್ದು ಅದೇ ಜಾಗದಲ್ಲಿ ಸರಿಯಾಗಿ ಕೂರುವುದಿಲ್ಲ, ಪೊರೆಯ ಜೋಡಣೆ ತಪ್ಪುತ್ತದೆ. 7-ಕೀಟೊಕೊಲೆಸ್ಟ್ರಾಲ್ ಹೆಚ್ಚಾದಾಗ ಕೋಶದ ಶಕ್ತಿಕೇಂದ್ರವಾದ ಮೈಟೊಕಾಂಡ್ರಿಯಾ ಎಡವುತ್ತದೆ, ಹಾನಿಕಾರಕ ಆಮ್ಲಜನಕ ಕಣಗಳು ಇನ್ನಷ್ಟು ಹುಟ್ಟುತ್ತವೆ, ಉರಿಯೂತದ ಸಂಕೇತಗಳು ಹೊರಡುತ್ತವೆ. ಕೊನೆಗೆ ಕೋಶ ತನ್ನನ್ನು ತಾನೇ ಮುಗಿಸಿಕೊಳ್ಳುತ್ತದೆ. ಸತ್ತ ನೊರೆಕೋಶಗಳ ಕೊಬ್ಬು ಅಲ್ಲೇ ಚೆಲ್ಲಿ, ನಾಳದ ಗೋಡೆಯಲ್ಲಿ ಕೀವಿನಂಥ ತಿರುಳಾಗುತ್ತದೆ. ಅದರ ಮೇಲಿನ ತೆಳು ಮುಚ್ಚಳ ಒಡೆದ ದಿನ ರಕ್ತ ಹೆಪ್ಪುಗಟ್ಟಿ ಹೃದಯಾಘಾತ.

ಎಲ್‌ಡಿಎಲ್ ಒಗಟೂ ಇಲ್ಲೇ ಬಿಡಿಸಿಕೊಂಡಿತು. 1980ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಡೇನಿಯಲ್ ಸ್ಟೈನ್‌ಬರ್ಗ್ ಮತ್ತು ಸಂಗಡಿಗರು, ಹಾಗೆಯೇ ಕ್ಲೀವ್‌ಲ್ಯಾಂಡ್‌ನ ಗೈ ಚಿಸೊಮ್ ತಂಡ, ಎಲ್‌ಡಿಎಲ್ ಕಣ ಆಕ್ಸಿಡೀಕರಣಗೊಂಡರೆ ಅದರ ನಡತೆಯೇ ಬದಲಾಗುತ್ತದೆ ಎಂದು ತೋರಿಸಿದರು. ಭಕ್ಷಕ ಕೋಶ ಅಂಥ ಕಣವನ್ನು ಮಾಮೂಲಿ ಬಾಗಿಲಿನಿಂದ ಒಳಬಿಡುವುದಿಲ್ಲ, ಕಸ ಎಂದು ತಿಳಿದು ಕಸ ಎತ್ತುವ ಬೇರೆ ಗ್ರಾಹಕಗಳಿಂದ ನುಂಗುತ್ತದೆ. ಈ ಬಾಗಿಲುಗಳಿಗೆ ಸಾಕು ಎಂಬುದೇ ಗೊತ್ತಿಲ್ಲ. ಅನಿಚ್ಕೊವ್ ಕಂಡ ನೊರೆ ಹುಟ್ಟುವುದು ಹೀಗೆ.

ಹಾಗೆಂದು ಮೊಲಗಳ ರೋಗಕ್ಕೆ ಹಳಸಿದ ಪುಡಿ ಮಾತ್ರ ಕಾರಣ, ಅನಿಚ್ಕೊವ್ ತಪ್ಪಿದರು ಎಂದು ತೀರ್ಪು ಕೊಡುವವರೂ ಇದ್ದಾರೆ. ಇಂಟರ್ನೆಟ್ಟಿನಲ್ಲಿ ಈ ಮಾತು ಬೇಕಾದಷ್ಟು ಸಿಗುತ್ತದೆ. ಅದು ನಿಲ್ಲುವುದಿಲ್ಲ. ಜಪಾನಿನ ಯೊಶಿಯೊ ವಾತಾನಾಬೆ 1970ರ ದಶಕದಲ್ಲಿ ಬೆಳೆಸಿದ ಮೊಲದ ತಳಿಗೆ ಎಲ್‌ಡಿಎಲ್ ಬಾಗಿಲು ಸರಿಯಿಲ್ಲ. ಅವು ಬರೀ ಮೇವು ತಿಂದರೂ ರಕ್ತದ ಕೊಲೆಸ್ಟ್ರಾಲ್ ಏರಿ ನಾಳ ಕೆಡುತ್ತದೆ. ರಕ್ತದಲ್ಲಿ ಕೊಲೆಸ್ಟ್ರಾಲ್ ಹೆಚ್ಚಿದ್ದರೆ, ಅದು ನಾಳದ ಗೋಡೆಯಲ್ಲಿ ಸಿಕ್ಕಿಬಿದ್ದು ಅಲ್ಲೇ ಆಕ್ಸಿಡೀಕರಣಗೊಳ್ಳುತ್ತದೆ. ಹೊರಗಿನಿಂದ ಹಳಸಿದ್ದು ಬರಲೇಬೇಕೆಂದಿಲ್ಲ.

ಎಲ್ಲ ಆಕ್ಸಿಸ್ಟೆರಾಲ್‌ಗಳೂ ಖಳನಾಯಕರಲ್ಲ. ದೇಹವೇ ಕಿಣ್ವಗಳ ಮೂಲಕ ಕೆಲವನ್ನು ಅಳತೆಯಲ್ಲಿ ತಯಾರಿಸುತ್ತದೆ. ಮೆದುಳು ತನ್ನ ಹೆಚ್ಚುವರಿ ಕೊಲೆಸ್ಟ್ರಾಲನ್ನು 24ನೇ ಇಂಗಾಲಕ್ಕೆ ಆಮ್ಲಜನಕ ಸೇರಿಸಿ ಹೊರಕಳಿಸುತ್ತದೆ. ಕೆಲವು ಕೋಶಕ್ಕೆ ಕೊಲೆಸ್ಟ್ರಾಲ್ ಸಾಕು, ಹೊರಹಾಕು ಎಂಬ ಸಂಕೇತ ಕೊಡುತ್ತವೆ. ಇನ್ನೊಂದು, 27-ಹೈಡ್ರಾಕ್ಸಿಕೊಲೆಸ್ಟ್ರಾಲ್, ಈಸ್ಟ್ರೋಜನ್ ಗ್ರಾಹಕಕ್ಕೆ ಅಂಟಿ ಇಲಿಗಳಲ್ಲಿ ಸ್ತನದ ಗೆಡ್ಡೆ ಬೆಳೆಯಲು ನೆರವಾಗುತ್ತದೆ ಎಂದು 2013ರಲ್ಲಿ ವರದಿಯಾಯಿತು. ಒಂದೇ ಬಳಗ, ನೂರೆಂಟು ಸ್ವಭಾವ.

ಆಕ್ಸಿಡೀಕರಣವೇ ಶತ್ರುವಾದರೆ ಅದನ್ನು ತಡೆಯುವ ವಿಟಮಿನ್ ಇ ಮಾತ್ರೆ ನುಂಗಿದರೆ ಸಾಕಲ್ಲವೇ? ಹೀಗೇ ಯೋಚಿಸಿ 9,000ಕ್ಕೂ ಹೆಚ್ಚು ಜನರ ಮೇಲೆ ನಡೆದ ಹೋಪ್ ಎಂಬ ದೊಡ್ಡ ಪರೀಕ್ಷೆಯ ಫಲಿತಾಂಶ 2000ದಲ್ಲಿ ಬಂತು. ಹೃದಯಾಘಾತ ಕಡಿಮೆಯಾಗಲಿಲ್ಲ. ಮಾತ್ರೆ ಮಾರುವವರು ಮಾತ್ರ ಇದನ್ನು ಹೇಳುವುದಿಲ್ಲ. ಕೆಲಸ ಮಾಡಿದ್ದು ರಕ್ತದ ಎಲ್‌ಡಿಎಲ್ ಇಳಿಸುವ ಸ್ಟ್ಯಾಟಿನ್ ಔಷಧಗಳು. ಅನಿಚ್ಕೊವ್ ಹೇಳಿದ ಜಾಗಕ್ಕೇ ಚಿಕಿತ್ಸೆ ಬಂದು ನಿಂತಿತು.

ತುಪ್ಪದ ವಿಚಾರ

ಈ ಕಥೆಯಲ್ಲಿ ಭಾರತೀಯರಿಗೂ ಒಂದು ಪುಟವಿದೆ. 1987ರಲ್ಲಿ ಬ್ರಿಟನ್ನಿನ ಪ್ರತಿಷ್ಠಿತ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಮಾರ್ಕ್ ಜೇಕಬ್ಸನ್ ಎಂಬ ಅಮೆರಿಕದ ವೈದ್ಯ ಒಂದು ಪುಟ್ಟ ಅಧ್ಯಯನ ಪ್ರಕಟಿಸಿದರು. ಹೊರದೇಶಗಳಲ್ಲಿ ನೆಲೆಸಿದ ಭಾರತೀಯರಲ್ಲಿ ಹೃದ್ರೋಗ ಅಷ್ಟೊಂದು ಏಕೆ ಎಂಬುದು ಅವರ ಪ್ರಶ್ನೆ. ಅವರು ಪರೀಕ್ಷಿಸಿದ ತುಪ್ಪದಲ್ಲಿನ ಸ್ಟೆರಾಲ್‌ಗಳಲ್ಲಿ ಶೇ. 12ರಷ್ಟು ಆಕ್ಸಿಡೀಕರಣಗೊಂಡಿದ್ದವು. ತಾಜಾ ಬೆಣ್ಣೆಯಲ್ಲಿ ಅಂಥದ್ದು ಸಿಗಲಿಲ್ಲ. ಬೆಣ್ಣೆಯನ್ನು ಹೆಚ್ಚು ಶಾಖದಲ್ಲಿ ಕಾಯಿಸುವುದೇ ಕಾರಣವಿರಬಹುದು ಎಂದು ಅವರು ಸೂಚಿಸಿದರು.

ತುಪ್ಪವೇ ಭಾರತೀಯರ ಹೃದ್ರೋಗಕ್ಕೆ ಕಾರಣ ಎಂದು ಇದರಿಂದ ಸಾಬೀತಾಗುವುದಿಲ್ಲ. ಸಕ್ಕರೆ ಕಾಯಿಲೆ, ಬಿಪಿ, ತಂಬಾಕು, ಹೊಟ್ಟೆಯ ಬೊಜ್ಜು, ವಂಶದ ಗುಣ, ಇವೆಲ್ಲ ಲೆಕ್ಕಕ್ಕಿವೆ. ಆದರೆ ರಸಾಯನಶಾಸ್ತ್ರ ಸ್ಪಷ್ಟ: ಕೊಲೆಸ್ಟ್ರಾಲ್ ಇರುವ ಪದಾರ್ಥ ಶಾಖ, ಬೆಳಕು, ಗಾಳಿಗೆ ಹೆಚ್ಚು ಹೊತ್ತು ಸಿಕ್ಕಷ್ಟೂ ಕೆಡುತ್ತದೆ. ಮೊಟ್ಟೆಯ ಪುಡಿ, ಬಹುಕಾಲ ಇಟ್ಟ ಹಾಲಿನ ಪುಡಿ, ಒಣಗಿಸಿದ ಮಾಂಸ, ಒಂದೇ ತುಪ್ಪದಲ್ಲಿ ಮತ್ತೆ ಮತ್ತೆ ಕರಿದ ತಿಂಡಿ ಈ ಪಟ್ಟಿಯಲ್ಲಿ ಬರುತ್ತವೆ. ಶೇಂಗಾ ಎಣ್ಣೆ, ಸೂರ್ಯಕಾಂತಿ ಎಣ್ಣೆಗಳಲ್ಲಿ ಕೊಲೆಸ್ಟ್ರಾಲ್ ಇಲ್ಲದ್ದರಿಂದ ಅವುಗಳಿಂದ ಆಕ್ಸಿಸ್ಟೆರಾಲ್ ಆಗುವುದಿಲ್ಲ. ಹಲವು ಬಾರಿ ಕಾಯಿಸಿದಾಗ ಅವು ಕೆಡುವ ಬಗೆ ಬೇರೆ. ಹಿತ್ತಾಳೆ ಪಾತ್ರೆಯಲ್ಲಿ ಹದವಾಗಿ ಕಾಸಿ, ಡಬ್ಬಿಯಲ್ಲಿ ಮುಚ್ಚಿಟ್ಟು, ತಿಂಗಳೊಳಗೆ ಖಾಲಿ ಮಾಡುತ್ತಿದ್ದ ಅಜ್ಜಿಯ ತುಪ್ಪಕ್ಕೂ ಹೋಟೆಲ್ ಬಾಣಲೆಯ ತುಪ್ಪಕ್ಕೂ ವ್ಯತ್ಯಾಸವಿದೆ. ರಿಪೋರ್ಟಿನಲ್ಲಿ ಎಲ್‌ಡಿಎಲ್ ಹೆಚ್ಚಿರುವವರು ಮಾತ್ರ ಅಜ್ಜಿಯ ತುಪ್ಪದ ವಿಷಯದಲ್ಲೂ ವೈದ್ಯರ ಮಾತನ್ನೇ ಕೇಳಬೇಕು.

ಅನಿಚ್ಕೊವ್ ಅವರ ಮನೆತನದಲ್ಲಿ ರೋಗಶಾಸ್ತ್ರ ಮುಂದುವರಿಯಿತು. ತಾತನ ಹೆಸರನ್ನೇ ಹೊತ್ತ ಮೊಮ್ಮಗ ಅದೇ ಊರಿನಲ್ಲಿ ರೋಗಶಾಸ್ತ್ರಜ್ಞರಾದರು. ಊರು 1991ರಲ್ಲಿ ಮತ್ತೆ ಸೇಂಟ್ ಪೀಟರ್ಸ್‌ಬರ್ಗ್ ಆಯಿತು. ಇಂದು ಮೆಡಿಕಲ್ ಕಾಲೇಜಿನ ವಿದ್ಯಾರ್ಥಿಗಳು ಪರೀಕ್ಷೆಗೆ ಅನಿಚ್ಕೊವ್ ಹೆಸರನ್ನು ಬಾಯಿಪಾಠ ಮಾಡುತ್ತಾರೆ. ಆದರೆ ಅವರು ಓದುವುದು ಮೊಲ, ಕೊಲೆಸ್ಟ್ರಾಲ್ ಪಾಠದಲ್ಲಲ್ಲ. ಕೀಲುವಾತ ಜ್ವರ ಹೃದಯಕ್ಕೆ ಮಾಡುವ ಹಾನಿಯ ಪಾಠದಲ್ಲಿ, 1912ರ ಪ್ರಬಂಧದ ಆ ಕಂಬಳಿಹುಳು ಕೋಶದ ಪಕ್ಕದಲ್ಲಿ.